ಹೋಮ್, ಹೌಸ್ ಮತ್ತು ನೋರಾಳ ಮನೆ

ನಿಘಂಟನ್ನು ಕಾದಂಬರಿಯ ಹಾಗೆ ಓದುವವರೂ ಉಂಟೇ ಎಂದು ನಗಬೇಡಿ. ನಾರ್ವೆಯ ಬೆರ್ಗೆನ್‌ನಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಕಳೆದವರಿಗೆ ಆ ಅಭ್ಯಾಸ ತಾನಾಗಿಯೇ ಅಂಟಿಕೊಳ್ಳುತ್ತದೆ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಮಳೆಯೇನೂ ಹೊಸದಲ್ಲ. ಆದರೆ ನಮ್ಮ ಮಳೆಗೆ ಬರುವ ಕಾಲ, ಹೋಗುವ ಕಾಲ ಅಂತ ಒಂದಿದೆ. ಬೆರ್ಗೆನ್ನಿನ ಮಳೆಗೆ ಆ ಮರ್ಯಾದೆಯೆಲ್ಲ ಇಲ್ಲ. ಯಾವ ತಿಂಗಳಲ್ಲಾದರೂ ಹೇಳದೆ ಕೇಳದೆ ಬಂದು ಕೂತುಬಿಡುತ್ತದೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಕಿಟಕಿಯಾಚೆ ಮಳೆ, ಈಚೆ ನಾನು. ಜೊತೆಗೆ ಮಗಳು ಭಾಷೆ ಕಲಿಯುವಾಗ ಕೊಂಡಿದ್ದ ದಪ್ಪನೆಯ ಇಂಗ್ಲಿಷ್–ನಾರ್ವೇಜಿಯನ್ ನಿಘಂಟು, ಮತ್ತು ಇಬ್ಸೆನ್ನನ ‘ಎ ಡಾಲ್ಸ್ ಹೌಸ್’ ನಾಟಕದ ಎರಡು ಪ್ರತಿ. ಒಂದು ಇಂಗ್ಲಿಷಿನದು, ಇನ್ನೊಂದು ಮೂಲದ್ದು.

ಮನೆಯಲ್ಲಿ ಕೂತವಳು ಮೊದಲು ಹುಡುಕುವುದು ಮನೆಯ ಮಾತನ್ನೇ ಅಲ್ಲವೆ? ನಾನು ‘ಹೋಮ್’ ತೆಗೆದೆ. ಇಂಗ್ಲಿಷರಿಗೆ ಮನೆಗೆ ಎರಡು ಪದ. ಇಟ್ಟಿಗೆ, ಮರ, ಹೆಂಚಿನದು ‘ಹೌಸ್’. ಅದರೊಳಗಿನ ಬೆಚ್ಚಗಿನದು ‘ಹೋಮ್’. ನಾರ್ವೆಯವರಿಗೂ ಎರಡೇ. ಹೌಸ್‌ಗೆ ‘ಹ್ಯೂಸ್’, ಹೋಮ್‌ಗೆ ‘ಯೆಮ್’. ಇವು ಇಂಗ್ಲಿಷ್ ಪದಗಳಿಗೆ ಒಡಹುಟ್ಟಿದವು. ಒಂದೇ ಹಳೆಯ ಮನೆತನದಿಂದ ಬಂದವು. ಹಾಗಾದರೆ ಅನುವಾದಕರಿಗೆ ಕಷ್ಟವೇನಿದೆ, ಹೌಸ್ ಕಂಡಲ್ಲಿ ಹ್ಯೂಸ್, ಹೋಮ್ ಕಂಡಲ್ಲಿ ಯೆಮ್ ಬರೆದುಕೊಂಡು ಹೋದರಾಯಿತು ಎಂದು ನಿಮಗನ್ನಿಸಬಹುದು. ಅಕ್ಕತಂಗಿಯರನ್ನು ಬೇರೆ ಬೇರೆ ಊರಿಗೆ ಕೊಟ್ಟ ಮೇಲೆ ಅವರ ಅಡುಗೆ ಒಂದೇ ರುಚಿ ಇರುತ್ತದೆಯೇ?

ಯೆಮ್ ಎನ್ನುವುದಕ್ಕೆ ಇನ್ನೊಂದು ಗುಣವಿದೆ. ಮನೆಗೆ ಹೋಗುವಾಗ ಅದು ಯೆಮ್; ಹೋಗಿ ಸೇರಿದ ಮೇಲೆ, ಮನೆಯಲ್ಲಿ ಇರುವಾಗ, ‘ಯೆಮ್ಮೆ’. ಸಂಜೆ ಬಾಗಿಲು ತೆಗೆದೊಡನೆ ಮಗಳು ‘ಯಾಯ್ ಅರ್ ಯೆಮ್ಮೆ’ ಎಂದು ಕೂಗುವಳು. ನಾನು ಮನೆಗೆ ಬಂದೆ ಎಂದು ಅರ್ಥ. ಮೊದಲ ದಿನ ನಾನು, ‘ಯಾಕೆ ಮಗಳೇ, ನಿನ್ನನ್ನು ನೀನೇ ಹೀಗೆ ಬೈದುಕೊಳ್ಳುತ್ತೀಯ?’ ಎಂದೆ. ಅಳಿಯಂದಿರು ನಕ್ಕಿದ್ದು ಆ ಬೀದಿಯ ತುದಿಗೂ ಕೇಳಿರಬೇಕು.

ಕೆಲವು ಜೋಡುಪದಗಳು ತಕರಾರಿಲ್ಲದೆ ದಾಟುತ್ತವೆ. ಮನೆಯಲ್ಲೇ ಮಾಡಿದ ಜಾಮು, ಬ್ರೆಡ್ಡುಗಳಿಗೆ ಎರಡೂ ಭಾಷೆಯಲ್ಲಿ ಮನೆಯ ಹೆಸರೇ. 2020ರ ಕೊರೋನಾ ಕಾಲದಲ್ಲಿ ಎಲ್ಲರೂ ಅಡುಗೆಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡಾಗ ಅದನ್ನು ನಾರ್ವೆಯವರು ‘ಮನೆಕಚೇರಿ’ ಎಂದರು. ಊರಿನ ನೆನಪು ಕಾಡುವುದನ್ನು ಇಂಗ್ಲಿಷರು ‘ಹೋಮ್‌ಸಿಕ್’ ಎಂದು ರೋಗಕ್ಕೆ ಸೇರಿಸಿದರೆ, ಇವರು ಸಾಮಾನ್ಯವಾಗಿ ‘ಯೆಮ್‌ಲೆಂಗ್ಸೆಲ್’ ಎನ್ನುತ್ತಾರೆ, ಮನೆಯ ಹಂಬಲ. ಈ ಒಂದು ಕಡೆ ನಾರ್ವೆಯವರ ಮಾತೇ ಮೇಲು ಎಂದು ನಾನು ತೀರ್ಪು ಕೊಟ್ಟಾಗಿದೆ. ತವರು ನೆನೆದು ಅಳುವ ಹುಡುಗಿಗೆ ಆಗಿರುವುದು ಕಾಯಿಲೆಯಲ್ಲ.

‘ಹೋಮ್‌ವರ್ಕ್’ ಮಾತ್ರ ಗಡಿಯಲ್ಲೇ ಮನೆಯನ್ನು ಕಳಚಿಟ್ಟು ಬರುತ್ತದೆ. ಅಲ್ಲಿಯ ಮಕ್ಕಳು ಮಾಡುವುದು ‘ಲೆಕ್ಸೆರ್’, ಅಂದರೆ ಪಾಠಗಳು. ‘ಹೌಸ್‌ವರ್ಕ್’ ಹೇಗಿದೆಯೋ ಹಾಗೆ, ಹ್ಯೂಸ್ ಸಮೇತ ದಾಟುತ್ತದೆ. ಇಂಗ್ಲಿಷಿನಲ್ಲಿ ಈ ಎರಡು ಕೆಲಸಗಳಿಗೆ ಇರುವ ವ್ಯತ್ಯಾಸ ನೋಡಿ: ಮಗು ಮಾಡಿದರೆ ಹೋಮ್‌ವರ್ಕ್, ಅಮ್ಮ ಮಾಡಿದರೆ ಹೌಸ್‌ವರ್ಕ್. ಮೊದಲನೆಯದನ್ನು ಯಾರಾದರೂ ತಿದ್ದುತ್ತಾರೆ, ಕೆಳಗೆ ‘ಚೆನ್ನಾಗಿದೆ’ ಎಂದು ಸಹಿ ಹಾಕುತ್ತಾರೆ.

‘ನರ್ಸಿಂಗ್ ಹೋಮ್’ ಪದದ ಕಥೆ ಇನ್ನೂ ಸ್ವಾರಸ್ಯ. ನಾರ್ವೆಯಲ್ಲಿ ಆಸ್ಪತ್ರೆಗೆ ‘ಸ್ಯೂಕೆಹ್ಯೂಸ್’, ರೋಗಿಗಳ ಹೌಸ್. ನರ್ಸಿಂಗ್ ಹೋಮ್‌ಗೆ ‘ಸ್ಯೂಕೆಯೆಮ್’, ರೋಗಿಗಳ ಹೋಮ್. ಮೊದಲಿನದಕ್ಕೆ ಹೋದವರು ವಾಸಿ ಮಾಡಿಕೊಂಡು ಮನೆಗೆ ಬರುತ್ತಾರೆ. ಎರಡನೆಯದಕ್ಕೆ ಹೋಗುವವರು ಹೆಚ್ಚಾಗಿ ವಯಸ್ಸಾದವರು. ಇನ್ನು ಮುಂದೆ ಅದೇ ಅವರ ಮನೆ. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಏನೆಂದು ನಿಮಗೆ ಗೊತ್ತು. ಡಾಕ್ಟರಮ್ಮನೊಬ್ಬರು ನಡೆಸುವ ಹತ್ತಿಪ್ಪತ್ತು ಹಾಸಿಗೆಯ ಆಸ್ಪತ್ರೆ, ನಮ್ಮಲ್ಲಿ ಅರ್ಧಕ್ಕರ್ಧ ಜನರ ಹೆರಿಗೆ ಆದದ್ದು ಅಲ್ಲೇ. ಅಳಿಯನ ಗೆಳೆಯನೊಬ್ಬ, ಅವನೂ ನಮ್ಮ ಕಡೆಯವನೇ, ತಂಗಿಗೆ ಹೆರಿಗೆಯಾದ ಸಂತೋಷದಲ್ಲಿ ಆಫೀಸಿನಲ್ಲಿ ಸಿಹಿ ಹಂಚುತ್ತ, ನರ್ಸಿಂಗ್ ಹೋಮಿನಲ್ಲಿ ಹೆಣ್ಣುಮಗುವಾಯಿತು ಎನ್ನುವುದನ್ನು ನಾರ್ವೇಜಿಯನ್ನಿನಲ್ಲಿ ಹೇಳಿದನಂತೆ. ಕೇಳಿದವರು ಸಿಹಿ ಬಾಯಿಗಿಡುವುದನ್ನು ಬಿಟ್ಟು, ತಂಗಿಗೆ ಎಷ್ಟು ವಯಸ್ಸು ಎಂದು ಕೇಳಿದರಂತೆ!

ಮದುವೆ ಜಾಹೀರಾತುಗಳಲ್ಲಿ ನಾವು ವರ್ಷಗಟ್ಟಲೆ ಓದಿದ ‘ಹೋಮ್ಲಿ’ ಎಂಬ ಪದಕ್ಕಂತೂ ಅನುವಾದಕರು ಮೊದಲು ‘ಯಾವ ದೇಶದ ಹೋಮ್ಲಿ?’ ಎಂದು ವಿಚಾರಿಸಬೇಕು. ಬ್ರಿಟಿಷರ ಬಾಯಲ್ಲಿ ಅದು ಆಡಂಬರವಿಲ್ಲದ, ಬೆಚ್ಚಗಿನ ಎಂಬ ಹೊಗಳಿಕೆ. ಅಮೆರಿಕದವರ ಬಾಯಲ್ಲಿ ಹೆಣ್ಣಿಗೆ ಹೇಳಿದರೆ, ನೋಡಲು ಸುಮಾರು ಎಂದು. ನಮ್ಮ ಜಾಹೀರಾತಿನಲ್ಲಿ? ಅಡುಗೆ ಬರಬೇಕು, ಹಿರಿಯರಿಗೆ ಎದುರಾಡಬಾರದು, ಸಂಜೆ ಆರಕ್ಕೆ ಮನೆಯಲ್ಲಿರಬೇಕು. ನಾರ್ವೇಜಿಯನ್ನಿನಲ್ಲಿ ಇದಕ್ಕೆ ಎರಡು ಪದಗಳು ಹತ್ತಿರ ಬರುತ್ತವೆ. ‘ಯೆಮ್ಲಿ’ ಎಂದರೆ ಮನೆಯಂಥ, ಮನೆಯಲ್ಲಿದ್ದ ಹಾಗೆನಿಸುವ. ‘ಹ್ಯೂಸ್ಲಿ’ ಎಂದರೆ ಮನೆಗೆಲಸದಲ್ಲಿ ಕೈ ಪಳಗಿದ, ಅದರಲ್ಲಿ ಆಸಕ್ತಿ ಇರುವ. ಇಂಗ್ಲಿಷ್ ಪದದಲ್ಲಿ ಕಾಣುವುದು ಹೋಮ್. ಆದರೆ ನಮ್ಮ ಗಂಡಿನ ಕಡೆಯವರು ಬಯಸುವುದನ್ನು ನಾರ್ವೇಜಿಯನ್ನಿಗೆ ಪ್ರಾಮಾಣಿಕವಾಗಿ ಅನುವಾದಿಸುವುದಾದರೆ ಹ್ಯೂಸ್ಲಿ ಎಂದೇ ಬರೆಯಬೇಕು. ಹೋಮಿನ ಸೆರಗು ಹೊದ್ದು ಬಂದ ಹೌಸು ಅದು. ಅನುವಾದ ಒಮ್ಮೊಮ್ಮೆ ಹೀಗೆ ಗುಟ್ಟು ಬಿಟ್ಟುಕೊಡುತ್ತದೆ.

ನಮ್ಮಲ್ಲಿ ಗಂಡಸರು ಹೆಂಡತಿಯನ್ನು ‘ಹೋಮ್ ಮಿನಿಸ್ಟರ್’ ಎಂದು ಕರೆದು ತಾವೇ ನಗುತ್ತಾರಲ್ಲ, ಆ ಹಾಸ್ಯ ನಾರ್ವೇಜಿಯನ್ನಿಗೆ ಹೋಗುವುದೇ ಇಲ್ಲ. ಆ ಮಂತ್ರಿಗೆ ಅವರ ಪದದ ಅರ್ಥ ‘ರಾಜ್ಯದ ಒಳಗಿನ ಮಂತ್ರಿ’. ಅದರಲ್ಲಿ ಮನೆಯಿಲ್ಲ. ನಷ್ಟವೇನೂ ಆಗಲಿಲ್ಲ ಅನ್ನಿ.

ಈಗ ಮನೆಯೊಳಗಿನ ಜನರ ವಿಷಯಕ್ಕೆ ಬರೋಣ. ‘ಹಸ್ಬೆಂಡ್’ ಎಂಬ ಪದ ಇಂಗ್ಲಿಷರದಲ್ಲ. ಸಾವಿರ ವರ್ಷದ ಹಿಂದೆ ದೋಣಿ ಹತ್ತಿ ಬಂದ ಈ ಉತ್ತರದವರಿಂದಲೇ ಕಡ ತಂದದ್ದು. ಮೂಲ ‘ಹುಸ್‌ಬೋಂದಿ’: ಹೌಸ್ ಇರುವವನು, ಮನೆಯ ಯಜಮಾನ. ಮೊದಲಿಗೆ ಅದಕ್ಕೂ ಹೆಂಡತಿಗೂ ಸಂಬಂಧವಿರಲಿಲ್ಲ. ಇಂಗ್ಲಿಷಿನಲ್ಲಿ ಅದು ಗಂಡ ಎಂದಾಯಿತು, ಒಳಗಿದ್ದ ಹೌಸ್ ಯಾರಿಗೂ ಕಾಣದಷ್ಟು ಸವೆಯಿತು. ಪದವನ್ನು ಕೊಟ್ಟ ನಾರ್ವೆಯವರು ಇವತ್ತು ಗಂಡನನ್ನು ಸುಮ್ಮನೆ ‘ಮನ್’ ಎನ್ನುತ್ತಾರೆ, ಅಂದರೆ ಗಂಡಸು. ಮನೆಯ ಹಂಗೇ ಇಲ್ಲ. ಹೆಂಗಸಿನ ಕಡೆ ನೋಡಿ. ಇಂಗ್ಲಿಷಿನಲ್ಲಿ ‘ಹೌಸ್‌ವೈಫ್’, ಮನೆಯ ಹೆಂಡತಿ. ನಾರ್ವೆಯಲ್ಲಿ ‘ಹ್ಯೂಸ್‌ಮೂರ್’, ಮನೆಯ ತಾಯಿ, ಮಕ್ಕಳಿಲ್ಲದಿದ್ದರೂ ತಾಯಿಯೇ. ಹೆಂಡತಿಗೆ ಗೌರವದ ಹಳೆಯ ಮಾತು ‘ಹುಸ್ತ್ರು’. ಬಿಡಿಸಿ ನೋಡಿದರೆ ಅದೂ ಮನೆಯೊಡತಿಯೇ. ಅವನು ಎರಡು ಭಾಷೆಯಲ್ಲೂ ಮನೆಯಿಂದ ಹೊರಗೆ ನಡೆದುಬಿಟ್ಟ. ಇವಳ ಹೆಸರಿಗೆ ಮಾತ್ರ ಮನೆ ಗೂಟದ ಹಾಗೆ ಅಂಟಿಕೊಂಡೇ ಇದೆ. ಇಂಗ್ಲಿಷಿನ ಹೌಸ್‌ವೈಫ್ ಪದವೇ ಬಾಯಲ್ಲಿ ಸವೆದು ಸವೆದು ಕೊನೆಗೆ ‘ಹಸ್ಸಿ’ ಎಂದಾಗಿದೆ, ಬಜಾರಿ ಎಂಬ ಬೈಗುಳ. ಹಸ್ಬೆಂಡ್ ಸವೆದು ಗಂಡನಾದ, ಹೌಸ್‌ವೈಫ್ ಸವೆದು ಬೈಗುಳವಾದಳು. ಭಾಷಾಶಾಸ್ತ್ರಜ್ಞರು ಇದಕ್ಕೆ ಉಚ್ಚಾರಣೆಯ ನಿಯಮಗಳನ್ನು ಹೇಳಿಯಾರು, ಹೇಳಲಿ.

ಆದರೆ ನಾರ್ವೇಜಿಯನ್ನಿನ ಹ್ಯೂಸ್‌ಗೆ ಒಂದು ತಮಾಷೆಯ ನ್ಯಾಯವೂ ಇದೆ. ಹ್ಯೂಸ್ ಮುಂದೆ ತಾಯಿ ಸೇರಿದರೆ ಮನೆಯ ಒಡತಿ. ಅದೇ ಹ್ಯೂಸ್ ಮುಂದೆ ಗಂಡಸನ್ನು ಸೇರಿಸಿ, ‘ಹ್ಯೂಸ್‌ಮನ್’, ಅವನು ಒಡೆಯನಲ್ಲ; ಬೇರೆಯವರ ಜಮೀನಿನ ಅಂಚಿನಲ್ಲಿ ಒಂದು ಗುಡಿಸಲು ಹಾಕಿಕೊಂಡು ಆ ಋಣಕ್ಕೆ ಒಡೆಯರ ಗದ್ದೆಯಲ್ಲಿ ದುಡಿಯುವ ಬಡ ಒಕ್ಕಲು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಂಥವರು ಲೆಕ್ಕವಿಲ್ಲದಷ್ಟು ಇದ್ದರು.

ಹ್ಯೂಸ್‌ಮೂರ್ ಪದದಲ್ಲಿ ನನಗೆ ತೀರ ಇಷ್ಟವಾದ ಜೋಡಿ ‘ಹ್ಯೂಸ್‌ಮೂರ್‌ವಿಕಾರ್’. ವಿಕಾರ್ ಎಂದರೆ ಬದಲಿಗೆ ಬಂದವರು; ಶಾಲೆಯಲ್ಲಿ ಟೀಚರ್ ರಜೆ ಹಾಕಿದಾಗ ಬರುವ ಬದಲಿ ಟೀಚರಿಗೂ ಅದೇ ಪದ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಗೃಹಿಣಿ ಕಾಯಿಲೆ ಬಿದ್ದರೆ, ಬಾಣಂತಿಯಾದರೆ, ಊರಿನ ಪುರಸಭೆಯಂಥ ಆಡಳಿತ ಅಡುಗೆ ಮಕ್ಕಳನ್ನು ನೋಡಿಕೊಳ್ಳಲು ಬದಲಿ ಗೃಹಿಣಿಯನ್ನು ಸಂಬಳ ಕೊಟ್ಟು ಕಳಿಸುತ್ತಿತ್ತು. ಇಂಗ್ಲಿಷಿಗೆ ಇದನ್ನು ‘ಹೋಮ್ ಹೆಲ್ಪ್’ ಎಂದು ಅನುವಾದಿಸುತ್ತಾರೆ. ತಪ್ಪಿಲ್ಲ, ಆದರೆ ನೀರಾಗಿಬಿಟ್ಟಿತು. ಸಹಾಯ ಬೇರೆ, ಬದಲಿ ಬೇರೆ. ಬದಲಿ ಬೇಕಾಗುವುದು ಹುದ್ದೆಗೆ. ಜ್ವರದಲ್ಲೂ ಎದ್ದು ಅನ್ನಕ್ಕಿಟ್ಟ ನಮ್ಮಮ್ಮನಂಥವರಿಗೆ ಆ ಒಂದು ಪದ ಎಷ್ಟು ದೊಡ್ಡ ಮಾತೆಂದು ಅರ್ಥವಾಗುತ್ತಿತ್ತು.

ಅಲ್ಲಿಯ ಗೃಹಿಣಿಯರ ದೊಡ್ಡ ಸಂಘವೊಂದರ ಹೆಸರು ಬದಲಾದ ಬಗೆಯೂ ಗಮನಿಸಬೇಕಾದ್ದು. 1915ರಲ್ಲಿ ದೇಶಮಟ್ಟದ ಸಂಘವಾದಾಗ ಅದರ ಹೆಸರಿನಲ್ಲಿದ್ದದ್ದು ಯೆಮ್, ‘ಮನೆಗಳ ಹಿತ’. ಮುಂದೆ ಅದು ಹ್ಯೂಸ್‌ಮೂರ್ ಸಂಘವಾಯಿತು. 1997ರಲ್ಲಿ ಮಹಿಳಾ ಮತ್ತು ಕುಟುಂಬ ಸಂಘವಾಯಿತು. ಯೆಮ್ ಇಲ್ಲ, ಹ್ಯೂಸ್ ಇಲ್ಲ. ನಾನು ಪಿಯುಸಿಯಲ್ಲಿ ‘ಹೋಮ್ ಸೈನ್ಸ್’ ಎಂದು ಓದಿದ ವಿಷಯಕ್ಕೆ ಅಲ್ಲಿಯ ಶಾಲೆಗಳಲ್ಲೂ ಮನೆಯ ಹೆಸರೇ ಇತ್ತು. 2006ರಿಂದ ‘ಅನ್ನ ಮತ್ತು ಆರೋಗ್ಯ’ ಎಂದಾಗಿದೆ, ಹುಡುಗರೂ ಹುಡುಗಿಯರೂ ಒಟ್ಟಿಗೆ ಕಲಿಯುತ್ತಾರೆ. ಹಾಗೆ ಒಂದೊಂದೇ ಪದದಿಂದ ಮನೆ ಕಳಚುತ್ತ ಬಂದಿದೆ.

ಅಲ್ಲಿ ಈಗ ಹ್ಯೂಸ್‌ಮೂರ್ ಹಳೆಯ ವಾಸನೆಯ ಮಾತು. ಮಗಳು ಏನೋ ಒಂದು ಅರ್ಜಿ ತುಂಬಿಸುವಾಗ ನನ್ನ ಉದ್ಯೋಗದ ಜಾಗದಲ್ಲಿ ‘ಯೆಮ್ಮೆವಾರೆಂದೆ’ ಎಂದು ಬರೆದಳು. ಅರ್ಥ ಕೇಳಿದೆ. ‘ಮನೆಯಲ್ಲಿ ಇರುವವರು ಅಂತ, ಅಮ್ಮ. ಗಂಡಸಿಗೂ ಹೆಂಗಸಿಗೂ ಇದನ್ನೇ ಬರೆಯೋದು’ ಎಂದಳು. ಗಂಡಸಿಗೂ ಸಲ್ಲುತ್ತದೆ ಎನ್ನುವುದು ಸರಿಯೇ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ‘ಇರುವವರು’ ಎನ್ನುವುದು ಒಂದು ಉದ್ಯೋಗವೇ? ಕುರ್ಚಿಯೂ ಮನೆಯಲ್ಲಿ ಇರುತ್ತದೆ. ನಮ್ಮಲ್ಲೂ ‘ಏನು ಮಾಡ್ತಾರೆ?’ ಎಂದು ಕೇಳಿದರೆ ‘ಏನಿಲ್ಲ, ಮನೇಲೇ ಇದಾರೆ’ ಎಂದೇ ಉತ್ತರ. ಸುಮಾರು ಎಂಟು ಸಾವಿರ ಕಿಲೋಮೀಟರ್ ದೂರ ಹಾರಿಬಂದು ಅದೇ ಮಾತನ್ನು ಇನ್ನೊಂದು ಭಾಷೆಯಲ್ಲಿ ನೋಡಬೇಕಾಯಿತು. ಇಂಗ್ಲಿಷರ ‘ಹೋಮ್‌ಮೇಕರ್’ ಸ್ವಲ್ಪ ಬಣ್ಣ ಬಳಿದ ಪದವಾದರೂ ಅದರಲ್ಲಿ ಮಾಡುವ ಕ್ರಿಯೆ ಒಂದಿದೆ. ಹ್ಯೂಸ್‌ಮೂರ್‌ನಲ್ಲಿ ಪದವಿಯಾದರೂ ಇತ್ತು. ಗೌರವ ಕೊಡಲು ಹೊರಟ ಹೊಸ ಪದದಲ್ಲಿ ಎರಡೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಇಬ್ಸೆನ್ನನ ನಾಟಕವನ್ನು ಕೈಗೆತ್ತಿಕೊಂಡೆ. ಅದು ಪುಸ್ತಕವಾಗಿ ಹೊರಬಂದದ್ದು 1879ರ ಡಿಸೆಂಬರ್ 4ರಂದು, ಕೋಪನ್‌ಹೇಗನ್‌ನಲ್ಲಿ. ಅದೇ ತಿಂಗಳು 21ಕ್ಕೆ ಅಲ್ಲಿಯ ರಾಯಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಕಥೆ ನಿಮಗೆ ಗೊತ್ತು: ಗಂಡನ ಜೀವ ಉಳಿಸಲು ಗುಟ್ಟಾಗಿ ಸಾಲ ಮಾಡಿದ ನೋರಾ, ವಿಷಯ ಬಯಲಾದಾಗ ಗಂಡ ಹೆಲ್ಮರ್ ತೋರಿಸುವ ನಿಜ ಮುಖ, ಕೊನೆಗೆ ಮೂರು ಮಕ್ಕಳನ್ನೂ ಬಿಟ್ಟು ಅವಳು ಹೊರಡುವುದು. ಮೂಲದ ಹೆಸರು ‘ಎತ್ ದುಕ್ಕೆಯೆಮ್’. ದುಕ್ಕೆ ಎಂದರೆ ಗೊಂಬೆ. ಆಮೇಲೆ ಇರುವುದು ಹ್ಯೂಸ್ ಅಲ್ಲ, ಯೆಮ್.

ಮಕ್ಕಳು ಆಡುವ ಗೊಂಬೆಮನೆಗೆ ನಾರ್ವೆಯಲ್ಲಿ ಸಾಮಾನ್ಯ ಮಾತು ‘ದುಕ್ಕೆಹ್ಯೂಸ್’. ಅದನ್ನು ಬಿಟ್ಟು ಇಬ್ಸೆನ್ ಯೆಮ್ ಎಂದ. 1889ರಲ್ಲಿ ವಿಲಿಯಂ ಆರ್ಚರ್ ಮಾಡಿದ ಅನುವಾದದ ಹೆಸರು ‘ಎ ಡಾಲ್ಸ್ ಹೌಸ್’. ಇಂಗ್ಲಿಷಿನಲ್ಲಿ ನಿಂತದ್ದು ಅದೇ. ಅದು ಆಟಿಕೆಯ ಅಂಗಡಿಯಲ್ಲಿ ಸಿಗುವ ವಸ್ತುವಿನ ಹೆಸರು, ಕಿವಿಗೆ ತಟ್ಟನೆ ಹಿಡಿಯುತ್ತದೆ. 1965ರಲ್ಲಿ ಅಮೆರಿಕದ ಅನುವಾದಕ ರೋಲ್ಫ್ ಫ್ಯೆಲ್ದೆ ಇದನ್ನು ತಿದ್ದಿ ‘ಎ ಡಾಲ್ ಹೌಸ್’ ಎಂದ. ಮನೆ ಗೊಂಬೆಯದಲ್ಲ, ಆ ಮನೆಯೇ ಗೊಂಬೆಯಾಟ, ಗಂಡನೂ ಅದರಲ್ಲಿ ಒಂದು ಗೊಂಬೆ ಎನ್ನುವುದು ಅವನ ವಾದ. ಒಪ್ಪುವಂಥದೇ. ಆದರೆ ಅಷ್ಟು ಚೆನ್ನಾಗಿ ಯೋಚಿಸಿದವನೂ ಗೊಂಬೆಯ ಹಿಂದಿನ ಷಷ್ಠಿ ವಿಭಕ್ತಿಯನ್ನು ಕಿತ್ತನೇ ಹೊರತು ಹೌಸ್ ಅನ್ನು ಮುಟ್ಟಲಿಲ್ಲ. ಇಂಗ್ಲಿಷಿನಲ್ಲಿ ‘ಡಾಲ್ ಹೋಮ್’ ಎಂದರೆ ಕಿವಿಗೆ ಒರಟು, ನಿಜ. ಮೂಲದ್ದೂ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸಬೇಕಾದ ಹೆಸರು. ಆ ಒರಟನ್ನು ಉಜ್ಜಿ ನುಣುಪು ಮಾಡಿದ್ದೇ ಅನುವಾದದ ಸೋಲು ಎಂದು ನನ್ನ ಅಭಿಪ್ರಾಯ.

ಯಾಕೆಂದರೆ ಯೆಮ್ ಈ ನಾಟಕದಲ್ಲಿ ಹೆಲ್ಮರನ ಅಚ್ಚುಮೆಚ್ಚಿನ ಪದ. ಸಾಲದ ಮೇಲೆ ನಿಂತ ಸಂಸಾರ ಹೇಗೆ ಚೆಲುವು ಕಳೆದುಕೊಳ್ಳುತ್ತದೆಂದು ಹೆಂಡತಿಗೆ ಪಾಠ ಹೇಳುವಾಗ ಯೆಮ್ ಎನ್ನುತ್ತಾನೆ. ಸುಳ್ಳುಗಾರನೊಬ್ಬ ಮನೆಯ ಗಾಳಿಗೇ ಹೇಗೆ ವಿಷ ಬೆರೆಸುತ್ತಾನೆಂದು ಉಪದೇಶಿಸುವಾಗಲೂ ಯೆಮ್. ಇಬ್ಸೆನ್ ಚುಚ್ಚಿದ್ದು ಗೋಡೆ ಬಾಗಿಲುಗಳನ್ನಲ್ಲ, ಆ ಬೆಚ್ಚಗಿನ ಪದವನ್ನೇ. ಹೌಸ್ ಎಂದುಬಿಟ್ಟರೆ ಅವಳು ಪಂಜರದಂಥ ಒಂದು ಕಟ್ಟಡದಿಂದ ಪಾರಾದಳು ಎಂದಾಗುತ್ತದೆ. ಪಂಜರ ಬಿಟ್ಟು ಹೋಗಲು ಯಾವ ಹಕ್ಕಿಗೂ ಕಷ್ಟವಿಲ್ಲ. ದೀಪ, ಕ್ರಿಸ್‌ಮಸ್ ಮರ, ಮಕ್ಕಳ ನಗು ಇದ್ದ ಯೆಮ್ ಬಿಟ್ಟು ಹೋಗುವುದು ಬೇರೆಯೇ ಮಾತು. ಕೊನೆಗೆ ಕೇಳುವ ಬಾಗಿಲಿನ ಸದ್ದು ಜಗತ್ಪ್ರಸಿದ್ಧ. ಇಂಗ್ಲಿಷ್ ಹೆಸರು ಆ ಬಾಗಿಲನ್ನಷ್ಟೇ ಕೇಳಿಸಿಕೊಂಡಿತು.

ಜರ್ಮನರ ಅದೃಷ್ಟ, ಅವರ ‘ಹೈಮ್’ ಪದ ಹೋಮಿಗೆ ಸರಿಯಾಗಿ ಕೂತು ಹೆಸರು ನೆಟ್ಟಗೆ ದಾಟಿತು. ಆದರೆ 1880ರಲ್ಲಿ ಅಲ್ಲಿಯ ನಟಿ ಹೆಡ್ವಿಗ್ ನೀಮನ್-ರಾಬೆ ಮಕ್ಕಳನ್ನು ಬಿಟ್ಟುಹೋಗುವ ನೋರಾಳ ಪಾತ್ರ ಮಾಡಲಾರೆ ಎಂದಳು. ಬೇರೆಯವರು ಕೈಯಾಡಿಸುವುದಕ್ಕಿಂತ ತಾನೇ ಬರೆಯುವುದು ಮೇಲೆಂದು ಇಬ್ಸೆನ್ ನೋರಾ ಉಳಿದುಬಿಡುವ ಇನ್ನೊಂದು ಮುಕ್ತಾಯ ಬರೆದುಕೊಟ್ಟ. ತಾನೇ ಅದನ್ನು ಬರ್ಬರ ಕೆಲಸವೆಂದೂ ಕರೆದ. ಹೆಸರು ಸರಿಯಿದ್ದಲ್ಲಿ ಅವಳನ್ನು ಒಳಗೇ ಕೂರಿಸಿದರು, ಹೆಸರು ತಪ್ಪಿದಲ್ಲಿ ಹೋಗಲು ಬಿಟ್ಟರು!

ನಾಟಕದೊಳಗೆ ಇನ್ನೆರಡು ಕಡೆ ಇಂಗ್ಲಿಷ್ ಕೈಬಿಟ್ಟಿದ್ದನ್ನು ಹೇಳಲೇಬೇಕು. ಕೊನೆಯ ಅಂಕದಲ್ಲಿ ನೋರಾ ತಾನು ಗಂಡನಿಗೆ ಗೊಂಬೆ ಹೆಂಡತಿಯಾಗಿದ್ದೆ ಎನ್ನಲು ಬಳಸುವ ಪದ ‘ದುಕ್ಕೆಹುಸ್ತ್ರು’. ಹುಸ್ತ್ರುವಿನೊಳಗೆ ಹೌಸ್ ಅಡಗಿದೆಯೆಂದು ಆಗಲೇ ಹೇಳಿದೆನಲ್ಲ. ಗೊಂಬೆ, ಮನೆ, ಹೆಂಡತಿ ಮೂರೂ ಒಂದೇ ಉಸಿರಿನಲ್ಲಿ ಇವೆ. ಇಂಗ್ಲಿಷಿನ ‘ಡಾಲ್ ವೈಫ್’ನಲ್ಲಿ ಎರಡೇ ಉಳಿದವು. ಅದೇ ಮಾತಿನಲ್ಲಿ ತನ್ನ ಅಪ್ಪನ ಮನೆಯನ್ನು ಅವಳು ಯೆಮ್ಮೆ ಎನ್ನುತ್ತಾಳೆ. ಮದುವೆಯಾಗಿ ಎಂಟು ವರ್ಷವಾದರೂ ‘ಮನೆಯಲ್ಲಿದ್ದಾಗ’ ಎಂದರೆ ಅವಳಿಗೆ ತವರು. ಈ ಸಾಲನ್ನು ಅರ್ಥ ಮಾಡಿಕೊಳ್ಳಲು ನಮ್ಮ ಓದುಗರಿಗೆ ಅಡಿಟಿಪ್ಪಣಿ ಬೇಡ.

ಎರಡನೆಯದು, ನಾಳೆ ತಾನು ಎಲ್ಲಿಗೆ ಹೋಗುತ್ತೇನೆಂದು ಅವಳು ಹೇಳುವ ಜಾಗ. ಮೊದಲು ಯೆಮ್ ಎನ್ನುತ್ತಾಳೆ. ಅಂದ ಕೂಡಲೇ ತಿದ್ದಿಕೊಂಡು ‘ಯೆಮ್‌ಸ್ತೇದ್’ ಎನ್ನುತ್ತಾಳೆ, ತಾನು ಹುಟ್ಟಿ ಬೆಳೆದ ಊರು. ನಾನು ಓದಿದ ಇಂಗ್ಲಿಷ್ ಪ್ರತಿಯಲ್ಲಿ ಎರಡು ಕಡೆಯೂ ಹೋಮ್ ಎಂದೇ ಇದೆ, ಎರಡನೆಯದರ ಮುಂದೆ ‘ಹಳೆಯ’ ಎಂದಿದೆ, ಅಷ್ಟೆ. ಹಾಗಿದ್ದರೆ ತಿದ್ದಿದ್ದೇನು? ಅವಳ ಅಪ್ಪ ಸತ್ತಿದ್ದಾನೆ. ಹೋಗಲು ಊರಿದೆಯೇ ಹೊರತು ಮನೆಯಿಲ್ಲ. ಆ ಅರ್ಧ ನಿಮಿಷದಲ್ಲಿ ಅವಳಿಗೆ ಅದು ಹೊಳೆಯುತ್ತದೆ.

ನಮ್ಮ ‘ಮನೆ’ ಹೌಸೂ ಹೌದು, ಹೋಮೂ ಹೌದು. ಒಳಗಿನ ಕೋಣೆಗಳೂ ನಮಗೆ ಮನೆಗಳೇ. ಅಡುಗೆಮನೆ, ಬಚ್ಚಲುಮನೆ, ದೇವರಮನೆ. ಸೆರೆಗೂ ಸೆರೆಮನೆ ಎಂದೆವು. ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ‘ನಮ್ಮ ಮನೆಯವರು’ ಎನ್ನಬಹುದು. ಹೌಸ್‌ವೈಫ್, ಹಸ್ಬೆಂಡ್ ಜಗಳ ನಮ್ಮ ಈ ಮಾತಿನಲ್ಲಾದರೂ ಇಲ್ಲ. ಹಾಗಾಗಿ ಕನ್ನಡದಲ್ಲಿ ‘ಗೊಂಬೆಮನೆ’ ಎಂದರೆ ಆರ್ಚರನ ತಪ್ಪು ತಾನಾಗಿಯೇ ತಪ್ಪಿಹೋಗುತ್ತದೆ, ಆದರೆ ಯೆಮ್ ಎಂಬ ಚುಚ್ಚುಮಾತು ಮೊಂಡಾಗುತ್ತದೆ. ನೋರಾಳ ಆ ತಿದ್ದುಪಡಿಗೆ ‘ತವರು’ ಹಾಕುವಂತಿಲ್ಲ; ತವರು ಎಂದರೆ ಕಾಯುವವರು ಯಾರಾದರೂ ಇರಬೇಕು. ನಮ್ಮವರು ಇಂಗ್ಲಿಷಿನಲ್ಲಿ ‘ನೇಟಿವ್ ಪ್ಲೇಸ್’ ಎಂದು ಹೇಳಿ ಇಂಗ್ಲಿಷ್ ಪಂಡಿತರಿಂದ ಬೈಸಿಕೊಳ್ಳುತ್ತಾರಲ್ಲ, ಯೆಮ್‌ಸ್ತೇದಿಗೆ ಅದರಷ್ಟು ಹತ್ತಿರದ ಮಾತು ನನಗೆ ಬೇರೆ ಸಿಕ್ಕಲಿಲ್ಲ. ನಾನಾದರೆ ಮೊದಲು ‘ಮನೆಗೆ’ ಎಂದು ಬರೆದು, ನಟಿಗೆ ಒಂದು ಉಸಿರಿನಷ್ಟು ಬಿಡುವು ಕೊಟ್ಟು, ಆಮೇಲೆ ‘ಊರಿಗೆ’ ಎಂದು ಬರೆಯುತ್ತಿದ್ದೆ.